ದಾರಿಯಲ್ಲೊಂದು ರಾತ್ರಿ

ಪ್ರಯಾಣ ಹೊರಡುವ ಹಿಂದಿನ ದಿನ ನಮ್ಮ ಹೆಂಗಸರ ತಲೆಯಲ್ಲಿ ಎಷ್ಟು ಲೆಕ್ಕ ಓಡುತ್ತಿರುತ್ತದೆ ಅಂತ ಗಂಡಸರಿಗೆ ಹೇಳಿದರೆ ನಂಬುವುದಿಲ್ಲ. ಹಾಲಿನವನಿಗೆ ಹೇಳಬೇಕು, ತುಳಸಿಗೆ ನೀರು ಹಾಕಲು ಪಕ್ಕದ ಮನೆಗೆ ಬೀಗದ ಕೈ ಕೊಡಬೇಕು, ಅತ್ತೆಯ ಮಾತ್ರೆ, ಮಕ್ಕಳ ಸ್ವೆಟರ್, ಉಳಿದ ಹುಳಿ ಯಾರಿಗೆ ಕೊಡೋದು, ಗ್ಯಾಸ್ ಆಫ್ ಮಾಡಿದೆನಾ ಇಲ್ಲವಾ... ಇಷ್ಟೆಲ್ಲ ನೆನಪಿಡುವ ನಾವು ಒಂದನ್ನು ಮಾತ್ರ ಕೇಳುವುದಿಲ್ಲ. ರಾತ್ರಿ ಮಲಗೋದು ಎಲ್ಲಿ? ಕೇಳಿದರೂ “ದಾರೀಲಿ ಎಲ್ಲಾದ್ರೂ ಸಿಗುತ್ತೆ ಬಿಡು” ಅನ್ನುತ್ತಾರೆ ಮನೆಯವರು. ನಾವೂ ತಲೆಯಾಡಿಸಿ ಕಾರು ಹತ್ತುತ್ತೇವೆ.

ಸೋದರಿಯರೇ, ನಾನೂ ಹಾಗೇ ಹತ್ತಿದವಳು. ಅದರ ಕಥೆಯನ್ನೇ ಈ ಸಲ ಹೇಳುತ್ತೇನೆ.

2023ರ ಡಿಸೆಂಬರ್ ಮೊದಲ ವಾರ. ನಮ್ಮತ್ತೆಗೆ ಆಗ 74 ವರ್ಷ. ಮಂಡಿ ನೋವು, ಸಕ್ಕರೆ ಕಾಯಿಲೆ ಎರಡೂ ಇವೆ. ಪಂಢರಪುರಕ್ಕೆ ಹೋಗಿ ವಿಠಲನ ಪಾದಕ್ಕೆ ಒಂದು ಸಲ ತಲೆ ಇಡಬೇಕು ಅನ್ನೋದು ಅವರ ಬಹಳ ದಿನದ ಆಸೆ. ನಮ್ಮೆಜಮಾನರು ಶನಿವಾರ, ಭಾನುವಾರದ ಜೊತೆಗೆ ಇನ್ನೆರಡು ದಿನ ಅಂಗಡಿ ಮುಚ್ಚುವುದು ಅಂತ ನಿಶ್ಚಯ ಮಾಡಿದರು. ಪಿ.ಯು.ಸಿ. ಓದುವ ಮಗಳಿಗೂ ಆರನೇ ಕ್ಲಾಸಿನ ಮಗನಿಗೂ ರಜೆ ಹಾಕಿಸಿದ್ದಾಯಿತು. ನಮ್ಮ ತಿಪಟೂರಿನಿಂದ ಹುಳಿಯಾರು, ಹಿರಿಯೂರು, ಚಿತ್ರದುರ್ಗ, ಹೊಸಪೇಟೆ, ಇಳಕಲ್, ವಿಜಯಪುರ, ಸೊಲ್ಲಾಪುರದ ಮೇಲೆ ಪಂಢರಪುರ. ಆರುನೂರು ಕಿಲೋಮೀಟರಿಗೂ ಮೇಲೆ. ಡ್ರೈವರ್ ಬೇರೆ ಯಾರೂ ಇಲ್ಲ, ಇವರೇ.

ಬೆಳಿಗ್ಗೆ ಆರಕ್ಕೆ ಹೊರಡಬೇಕಾದವರು ಅಂಗಡಿಯ ಯಾವುದೋ ಲೆಕ್ಕ ಮುಗಿಸಿ ಹೊರಟಾಗ ಹನ್ನೊಂದೂವರೆ. ಚಿತ್ರದುರ್ಗದಲ್ಲಿ ಕಾಫಿ ಕುಡಿದು ಹೊಸಪೇಟೆ ಸೇರಿದಾಗ ಸಂಜೆ ಆರು ದಾಟಿತ್ತು. ಚಳಿಗಾಲ ನೋಡಿ, ಆಗಲೇ ಕತ್ತಲಾಗಿತ್ತು.

“ರೀ, ಇಲ್ಲೇ ಉಳಿದುಬಿಡೋಣ. ಹಂಪಿಗೆ ಬರೋರೆಲ್ಲ ಇಲ್ಲೇ ಇಳಿಯೋದು. ಲಾಡ್ಜುಗಳು ಬೇಕಾದಷ್ಟಿವೆ” ಅಂದೆ.

“ಆರು ಗಂಟೆಗೇ ಯಾರಾದ್ರೂ ರೂಮು ಮಾಡ್ತಾರೇನೇ? ವಿಜಯಪುರ ಇನ್ನು ಇನ್ನೂರೇ ಕಿಲೋಮೀಟರು. ರೋಡು ಚೆನ್ನಾಗಿದೆ. ಒಂಬತ್ತೂವರೆಗೆಲ್ಲ ಅಲ್ಲಿರ್ತೀವಿ.”

ನಾನು ಸುಮ್ಮನಾದೆ. ಇವರು ಹಟಮಾರಿ ಅಂತಲ್ಲ. ಕೋಪಿಷ್ಠರೂ ಅಲ್ಲ. ಇನ್ನೊಂದು ಸಲ ಗಟ್ಟಿಯಾಗಿ ಹೇಳಿದ್ದರೆ ಕೇಳುತ್ತಿದ್ದರೇನೋ. ಹೇಳಲಿಲ್ಲ. ಗಾಡಿ ಓಡಿಸೋರು ಅವರು, ದಾರಿ ಗೊತ್ತಿರೋದು ಅವರಿಗೆ, ನಡುವೆ ನಾನ್ಯಾಕೆ ಬಾಯಿ ಹಾಕಲಿ ಅನ್ನುವ ನಮ್ಮ ಹಳೇ ಅಭ್ಯಾಸ.

ಎಂಟೂವರೆಯ ಹೊತ್ತಿಗೆ ಇವರು ಒಂದೇ ಸಮ ಆಕಳಿಸತೊಡಗಿದರು. “ಎಲ್ಲಾದರೂ ಒಂದು ರೂಮು ನೋಡೋಣ” ಅಂತ ಅವರೇ ಅಂದರು. ಹೆದ್ದಾರಿ ಪಕ್ಕದ ಒಂದು ಊರು. ಹೆಸರು ಬೇಡ, ಊರಿನದೇನೂ ತಪ್ಪಿಲ್ಲ. ಮೊದಲನೇ ಲಾಡ್ಜಿನ ಕೆಳಗೆ ಬಾರು. ಮೆಟ್ಟಿಲ ಮೇಲೆ ನಾಲ್ಕು ಜನ ನಿಂತಿದ್ದರು. ಇವರೇ ಗಾಡಿ ನಿಲ್ಲಿಸಲಿಲ್ಲ. ಎರಡನೆಯದರಲ್ಲಿ “ರೂಮ್ ಖಾಲಿ ಇಲ್ರಿ, ಮದುವಿ ಪಾರ್ಟಿ ಬಂದೈತಿ” ಅಂದರು. ಮೂರನೆಯದರಲ್ಲಿ ಕೌಂಟರಿನ ಹುಡುಗ ಮೊದಲು ಒಂಬೈನೂರು ರೂಪಾಯಿ ಎಣಿಸಿಕೊಂಡು, ರಿಜಿಸ್ಟರಿನಲ್ಲಿ ಬರೆಸಿಕೊಂಡು, ಆಮೇಲೆ ಬೀಗದ ಕೈ ಕೊಟ್ಟ. ರೂಮು ಎರಡನೇ ಮಹಡಿ. ಲಿಫ್ಟ್ ಇಲ್ಲ. ಅತ್ತೆ ಕಂಬಿ ಹಿಡಿದು ಮೆಟ್ಟಿಲಿಗೊಂದು ಸಲ ಉಸಿರು ಬಿಡುತ್ತಾ ಹತ್ತಿದರು.

ಬಾಗಿಲು ತೆಗೆದರೆ, ಒಳಗಿನ ಚಿಲಕ ಇದೆ, ಅದು ಕೂರುವ ಜಾಗದಲ್ಲಿ ಬರೀ ತೂತು. ಬಚ್ಚಲ ಬಾಗಿಲಿಗೆ ಚಿಲಕದ ಬದಲು ಪ್ಲಾಸ್ಟಿಕ್ ದಾರ. ಪಕ್ಕದ ರೂಮಿಗೂ ನಮ್ಮ ರೂಮಿಗೂ ನಡುವೆ ಒಂದು ಬಾಗಿಲು, ಅದರ ಸಂದಿಯಿಂದ ಸಿಗರೇಟಿನ ಹೊಗೆ, ಗಂಡಸರ ನಗು. ಹಾಸಿಗೆಯ ಮೂಲೆ ಎತ್ತಿ ನೋಡಿದೆ. ಹೊಲಿಗೆಯುದ್ದಕ್ಕೂ ಕಪ್ಪು ಚುಕ್ಕೆಗಳು. ತಿಗಣೆ. ಮಗಳು ಹೆಗಲ ಮೇಲಿನ ಬ್ಯಾಗನ್ನು ಕೆಳಗಿಡದೆ ಹೊಸಿಲಲ್ಲೇ ನಿಂತಿದ್ದಳು. ಒಂದು ಮಾತೂ ಆಡಲಿಲ್ಲ. ನನ್ನ ಮುಖ ನೋಡಿದಳು, ಅಷ್ಟೇ.

ದುಡ್ಡು ವಾಪಸು ಕೊಡಲಿಲ್ಲ. “ಎಂಟ್ರಿ ಆಗೈತ್ರಿ” ಅಂದ ಹುಡುಗ. ಜಗಳವಾಡಲು ಇವರಿಗೆ ತ್ರಾಣವಿರಲಿಲ್ಲ. ಮತ್ತೆ ಕಾರು ಹತ್ತಿದಾಗ ಹತ್ತಕ್ಕೆ ಸ್ವಲ್ಪ ಕಡಿಮೆ.

ಆ ಕಡೆ ಅದು ಕಬ್ಬು ಕಟಾವಿನ ಕಾಲ. ಟ್ರಾಕ್ಟರಿಗೆ ಎರಡೆರಡು ಟ್ರಾಲಿ ಕಟ್ಟಿ, ಮನೆಯೆತ್ತರ ಕಬ್ಬು ಹೇರಿ, ರಾತ್ರಿಯೆಲ್ಲ ಸಕ್ಕರೆ ಕಾರ್ಖಾನೆಗೆ ಸಾಗಿಸುತ್ತಾರೆ. ಹಿಂದೆ ಕೆಂಪು ದೀಪ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಅತ್ತೆ ಮುಂದಿನ ಸೀಟಿನಲ್ಲಿ, ನಾನು ಮಕ್ಕಳ ಜೊತೆ ಹಿಂದೆ. ಕನ್ನಡಿಯಲ್ಲಿ ಇವರ ಕಣ್ಣು ನನಗೆ ಕಾಣುತ್ತಿತ್ತು. ಹುನಗುಂದ ದಾಟಿದ್ದೆವು, ಕೃಷ್ಣಾ ನದಿಯ ಸೇತುವೆ ಇನ್ನೂ ಬಂದಿರಲಿಲ್ಲ. ಆ ಕಣ್ಣು ಮುಚ್ಚಿತು. ರೆಪ್ಪೆ ಬಡಿದದ್ದು ಅಂದುಕೊಂಡೆ. ತೆರೆಯಲೇ ಇಲ್ಲ.

“ರೀ!” ಅಂತ ಕಿರುಚಿದೆ.

ಬ್ರೇಕು ಹಾಕಿದ ರಭಸಕ್ಕೆ ಮಗ ಮುಂದಿನ ಸೀಟಿಗೆ ಹಣೆ ಹೊಡೆದುಕೊಂಡ. ಕಾರು ಎಡಕ್ಕೆ ಎಳೆದು ಮಣ್ಣಿಗೆ ಇಳಿದು ನಿಂತಿತು. ಹೆಡ್‌ಲೈಟಿನ ಬೆಳಕಿನಲ್ಲಿ, ಗಾಜಿನಿಂದ ಒಂದು ಮಾರು ದೂರದಲ್ಲಿ, ಕಬ್ಬಿನ ತುದಿಗಳು ಅಲ್ಲಾಡುತ್ತಾ ಮುಂದೆ ಹೋದವು. ಟ್ರಾಕ್ಟರಿನವನಿಗೆ ಹಿಂದೆ ಏನಾಯಿತೆಂದು ಗೊತ್ತೂ ಆಗಲಿಲ್ಲ.

ಕಾರಿನೊಳಗೆ ಯಾರೂ ಮಾತಾಡಲಿಲ್ಲ. ಕೊನೆಗೆ ಬಾಯಿ ತೆರೆದವರು ಅತ್ತೆ. ಮಗನಿಗೆ ಅವರು ಎದುರಾಡಿದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ಕಂಡಿಲ್ಲ. ಮೆತ್ತಗೆ ಅಂದರು: “ಮಗಾ, ವಿಠಲ ಇಟ್ಟಿಗೆ ಮೇಲೆ ನಿಂತ್ಕೊಂಡು ಎಷ್ಟು ಕಾಲದಿಂದ ಕಾಯ್ತಾ ಇದಾನೋ. ಇನ್ನೊಂದು ದಿನ ಕಾಯ್ತಾನೆ. ಇವತ್ತಿಗೆ ಗಾಡಿ ಸಾಕು ಮಾಡು.”

ಸ್ವಲ್ಪ ಮುಂದೆ ಒಂದು ಪೆಟ್ರೋಲ್ ಬಂಕ್ ಸಿಕ್ಕಿತು. ಅಲ್ಲಿನ ಹುಡುಗ ನಮ್ಮ ಮುಖ ನೋಡಿಯೇ ಅರ್ಥ ಮಾಡಿಕೊಂಡ. “ಅಕ್ಕಾರ, ಲೈಟಿನ ಕೆಳಗ ನಿಲ್ಲಸ್ರಿ. ರಾತ್ರಿ ಪೂರಾ ನಾವು ಎದ್ದೇ ಇರ್ತೀವಿ. ಅಂಜಬ್ಯಾಡ್ರಿ” ಅಂದ. ಆ ತಾಯಿಯ ಮಗ ಎಲ್ಲಿದ್ದರೂ ಚೆನ್ನಾಗಿರಲಿ. ಅತ್ತೆಯನ್ನು ಅಲ್ಲಿನ ಶೌಚಾಲಯಕ್ಕೆ ಕರೆದುಕೊಂಡು ಹೋದಾಗ ನನ್ನ ಕೈ ಹಿಡಿದುಕೊಂಡು ಹೇಳಿದರು: “ಚಿತ್ರದುರ್ಗದಲ್ಲಿ ಕುಡಿದ ಕಾಫೀನೇ ಕಡೆ ಕಣೆ. ನೀರು ಕುಡಿದ್ರೆ ಮತ್ತೆ ಮತ್ತೆ ನಿಲ್ಸಿ ಅನ್ಬೇಕಲ್ಲ, ಅವನಿಗೆ ತೊಂದರೆ ಅಂತ ಕುಡೀಲಿಲ್ಲ.”

ಸಕ್ಕರೆ ಕಾಯಿಲೆಯವರು. ಅಷ್ಟು ಹೊತ್ತು ಒಂದು ಗುಟುಕು ನೀರಿಲ್ಲ. ಕಾರಿನಲ್ಲಿ ನಾವು ಮೂವರು ಹೆಂಗಸರು ಅಂದು ಮೂರು ಬಗೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆವು. ಆ ಸುಮ್ಮನಿರುವಿಕೆ ಐದು ಜೀವ ತೆಗೆಯುವುದರಲ್ಲಿತ್ತು.

ಮಾರನೇ ದಿನ ಮಗಳು ಲೆಕ್ಕ ಹಾಕಿ ತೋರಿಸಿದಳು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಹೋಗುತ್ತದೆ. ಮೂರು ಸೆಕೆಂಡ್ ಕಣ್ಣು ಮುಚ್ಚಿದರೆ 66 ಮೀಟರ್, ಓಡಿಸುವವರೇ ಇಲ್ಲದ ಹಾಗೆ. ಇವರು ಆ ಕಾಗದವನ್ನು ಮಡಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಏನೂ ಅನ್ನಲಿಲ್ಲ.

ಪಂಢರಪುರದ ದರ್ಶನ ಚೆನ್ನಾಗಿಯೇ ಆಯಿತು. ಅಲ್ಲಿ ವಿಠಲನ ಪಾದಕ್ಕೆ ತಲೆಯಿಟ್ಟು ನಮಸ್ಕರಿಸಬಹುದು. ಅತ್ತೆ ತಲೆಯಿಟ್ಟವರು ಎತ್ತಲೊಲ್ಲರು. ಹಿಂದಿನವರು ತಳ್ಳುವ ತನಕ ಹಾಗೇ ಇದ್ದರು.

ವಾಪಸು ಬರುವಾಗ ಮಾತ್ರ ನಾನು ಹಟ ಹಿಡಿದೆ. ಹೊರಡುವ ಹಿಂದಿನ ದಿನವೇ ಹೊಸಪೇಟೆಯ ಎರಡು ಮೂರು ಲಾಡ್ಜುಗಳಿಗೆ ನಾನೇ ಫೋನ್ ಮಾಡಿದೆ. “ವಯಸ್ಸಾದವರಿದ್ದಾರೆ, ನೆಲಮಹಡಿ ರೂಮು ಬೇಕು. ಕುರ್ಚಿಯಂತೆ ಕೂರುವ ಕಮೋಡು ಇದೆಯಾ?” ಅಂತ ಕೇಳಿದೆ. ಒಂದು ಕಡೆ ಫೋನ್ ಎತ್ತಿದವರಿಗೆ ಕೇಳಿಸಿಕೊಳ್ಳುವ ವ್ಯವಧಾನವಿರಲಿಲ್ಲ. ಇನ್ನೊಂದು ಕಡೆ “ಐತ್ರಿ ಅಕ್ಕಾರ, ಬರ್ರಿ, ನೋಡಿ ತಗೊಳ್ರಿ” ಅಂದರು. ಅಲ್ಲಿಗೇ ಹೋದೆವು. ಬೆಳಿಗ್ಗೆ ಬೇಗ ಪಂಢರಪುರ ಬಿಟ್ಟು ನಾಲ್ಕು ಗಂಟೆಗೆಲ್ಲ ತಲುಪಿದೆವು. ಬಾಡಿಗೆ ಸಾವಿರದ ನಾನೂರು. ಅರಮನೆಯೇನಲ್ಲ. ಗೋಡೆಯ ಸುಣ್ಣ ಅಲ್ಲಲ್ಲಿ ಎದ್ದಿತ್ತು. ಆದರೆ ಚಿಲಕ ಗಟ್ಟಿ, ಹಾಸಿಗೆ ಶುಭ್ರ, ಬೆಳಿಗ್ಗೆ ಆರರಿಂದ ಎಂಟರ ತನಕ ಬಿಸಿನೀರು. ಇವರು ಸಂಜೆ ಐದಕ್ಕೆ ಮಲಗಿ ಏಳೂವರೆಗೆ ಎದ್ದರು. ಎದ್ದವರೇ, “ನಿದ್ದೆ ಇಷ್ಟೊಂದು ಬಾಕಿ ಇತ್ತಾ ನಂಗೆ!” ಅಂದರು.

ಆ ರಾತ್ರಿ ಅತ್ತೆ ತಮ್ಮ ಮಾವನ ಕಾಲದ ಮಾತು ತೆಗೆದರು. ಜಾತ್ರೆಗೆ ಎತ್ತಿನ ಬಂಡಿಯಲ್ಲಿ ಹೋಗುತ್ತಿದ್ದ ಕಾಲ. ಹೊತ್ತು ಮುಳುಗುವ ಮುಂಚೆ ಛತ್ರವೋ, ಬಾವಿಯಿರುವ ತೋಪೋ ನೋಡಿ ಬಂಡಿ ಬಿಚ್ಚಲೇಬೇಕು ಅನ್ನುತ್ತಿದ್ದರಂತೆ. “ನಮಗಾಗಿ ಅಲ್ಲ ಕಣೆ, ಎತ್ತಿಗಾಗಿ. ಕತ್ತಲಲ್ಲಿ ದಣಿದ ಎತ್ತು ಹಳ್ಳಕ್ಕೆ ಇಳಿಯುತ್ತೆ ಅಂತ.” ಇವರು ಕೇಳಿಸಿಕೊಂಡು ನಕ್ಕರು. “ಹಾಗಾದ್ರೆ ಈಗ ಎತ್ತು ನಾನೇ ಅನ್ನು!”

ಈಗ ನಾನು ಪಾಲಿಸುವ ಕ್ರಮ

ಅಂದಿನಿಂದ ನಮ್ಮ ಮನೆಯಲ್ಲಿ ದೂರದ ದಾರಿ ಹೊರಟರೆ, ಮೊದಲು ನಿಶ್ಚಯವಾಗುವುದು ತಂಗುವ ಊರು. ದಿನಕ್ಕೆ 350 ಕಿಲೋಮೀಟರ್ ಮೀರುವುದಿಲ್ಲ. ಒಂದು ಊರಲ್ಲ, ಎರಡು ಊರು ಬರೆದಿಟ್ಟುಕೊಳ್ಳುತ್ತೇನೆ. ತಲುಪಬೇಕಾದದ್ದು ಒಂದು, ತಡವಾದರೆ ನಿಲ್ಲಬೇಕಾದದ್ದು ಅದಕ್ಕಿಂತ ಐವತ್ತು ಅರವತ್ತು ಕಿಲೋಮೀಟರ್ ಹಿಂದಿನದು. ಸಣ್ಣ ಊರಿಗಿಂತ ಜಿಲ್ಲಾ ಕೇಂದ್ರ ಮೇಲು. ಒಂದು ಕಡೆ ಸರಿಯಿಲ್ಲದಿದ್ದರೆ ಇನ್ನೊಂದು ಕಡೆ ನೋಡಬಹುದು. ಸಂಜೆ ಐದಕ್ಕೆ ರೂಮು ಹುಡುಕುವವಳಿಗೆ “ಬೇಡ” ಅನ್ನುವ ಧೈರ್ಯ ಇರುತ್ತದೆ. ರಾತ್ರಿ ಹತ್ತಕ್ಕೆ ಸಿಕ್ಕಿದ್ದೇ ಪ್ರಸಾದ.

ಕರ್ನಾಟಕ ಪ್ರವಾಸೋದ್ಯಮ ನಿಗಮದ ‘ಮಯೂರ’ ಹೋಟೆಲುಗಳು ಹಲವು ಕಡೆ ಇವೆ. ಹಂಪಿ ಹತ್ತಿರ ಕಮಲಾಪುರದಲ್ಲಿ ಮಯೂರ ಭುವನೇಶ್ವರಿ, ಬಾದಾಮಿಯಲ್ಲಿ ಮಯೂರ ಚಾಲುಕ್ಯ, ಹೀಗೆ. ರಜಾದಿನಗಳಲ್ಲಿ ಬೇಗ ತುಂಬುತ್ತವೆ, ಮುಂಚೆಯೇ ಕಾದಿರಿಸಬೇಕು. ಧರ್ಮಸ್ಥಳದಂಥ ಕ್ಷೇತ್ರಗಳಲ್ಲಿ ದೇವಸ್ಥಾನದವರದೇ ವಸತಿಗೃಹಗಳಿವೆ.

ಮೊಬೈಲಿನಲ್ಲಿ ರೂಮು ಕಾದಿರಿಸಿದರೂ ಲಾಡ್ಜಿಗೆ ಒಂದು ಫೋನ್ ಮಾಡಿಬಿಡಿ. ಚಿತ್ರದಲ್ಲಿ ತೋರಿಸುವುದು ಅವರ ಒಳ್ಳೆಯ ರೂಮನ್ನು. ನಮಗೆ ಸಿಗುವುದು ಅದೇ ಆಗಬೇಕಿಲ್ಲ. ಕೇಳಬೇಕಾದದ್ದು ಇಷ್ಟು: ಯಾವ ಮಹಡಿ? ಲಿಫ್ಟ್ ಇದೆಯಾ? ಕಾರು ಗೇಟಿನ ಒಳಗೆ ನಿಲ್ಲಿಸಬಹುದಾ? ಬಿಸಿನೀರು ಎಷ್ಟು ಹೊತ್ತಿಗೆ? ಹೆಚ್ಚಿನ ಹಾಸಿಗೆಗೆ ಎಷ್ಟು? ಹೇಳಿದ ಬಾಡಿಗೆಯಲ್ಲಿ ತೆರಿಗೆ ಸೇರಿದೆಯಾ? ಖಾಲಿ ಮಾಡುವ ಹೊತ್ತು ಯಾವುದು? ಕೆಲವು ಕಡೆ ಬಂದ ಗಂಟೆಯಿಂದ 24 ತಾಸು ಲೆಕ್ಕ. ಕೆಲವು ಕಡೆ ನೀವು ಎಷ್ಟು ಹೊತ್ತಿಗೆ ಬಂದರೂ ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಬಿಡಬೇಕು.

ಕಾರಿನಿಂದ ಇಳಿಯುವ ಮುಂಚೆ ಹೊರಗಿನಿಂದಲೇ ಒಂದು ನಿಮಿಷ ನೋಡಿ. ಕೆಳಗೆ ಬಾರು ಇದೆಯೋ, ಇಡ್ಲಿ ದೋಸೆಯ ಹೋಟೆಲಿದೆಯೋ? ಸಂಸಾರಸ್ಥರು, ಮಕ್ಕಳು ಓಡಾಡುತ್ತಿದ್ದಾರೋ? ರಾತ್ರಿಯೆಲ್ಲ ಕೌಂಟರಿನಲ್ಲಿ ಯಾರಾದರೂ ಇರುತ್ತಾರೋ? ಇದು ಕೇಳಿದರೆ ಅವರು ಬೇಸರಪಡುವುದಿಲ್ಲ. ಒಳ್ಳೆಯ ಲಾಡ್ಜಿನವರು ಇಂಥ ಪ್ರಶ್ನೆಗೆ ಸಮಾಧಾನವಾಗಿಯೇ ಉತ್ತರ ಹೇಳುತ್ತಾರೆ.

ರೂಮು ನೋಡದೆ ದುಡ್ಡು ಕೊಡಬೇಡಿ, ರಿಜಿಸ್ಟರಿನಲ್ಲೂ ಬರೆಯಬೇಡಿ. ನಮಗೆ ಒಂಬೈನೂರು ರೂಪಾಯಿ ಕಲಿಸಿದ ಪಾಠ ಇದು. ಒಳಗೆ ಹೋದ ಮೇಲೆ ಬಾಗಿಲು ಹಾಕಿ ಚಿಲಕ ಏರಿಸಿ ಎಳೆದು ನೋಡಿ. ಬಚ್ಚಲಿನ ಚಿಲಕ, ಕಿಟಕಿಯ ಕೊಂಡಿ ನೋಡಿ. ಪಕ್ಕದ ರೂಮಿಗೆ ನಡುಬಾಗಿಲಿದ್ದರೆ ಬೇರೆ ರೂಮು ಕೇಳಿ. ನಲ್ಲಿ ತಿರುಗಿಸಿ, ಫ್ಲಶ್ ಒತ್ತಿ. ಹಾಸಿಗೆಯ ಮೂಲೆ ಎತ್ತಿ, ಹೊಲಿಗೆಯ ಮೇಲೆ ಮೊಬೈಲಿನ ಟಾರ್ಚು ಹಾಯಿಸಿ. ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳಿದ್ದರೆ ತಿಗಣೆಯ ಗುರುತು. ಅಲ್ಲಿ ಬ್ಯಾಗು ಕೂಡ ಇಡಬೇಡಿ, ಮನೆಗೆ ಬರುತ್ತವೆ. ಬಚ್ಚಲಿನಲ್ಲಿ, ಹಾಸಿಗೆಯ ಎದುರಿಗೆ, ಇರಬಾರದ ಜಾಗದಲ್ಲಿ ಸಣ್ಣ ತೂತೋ ಯಾವುದೋ ಯಂತ್ರವೋ ಕಂಡರೆ ಸಂಕೋಚವಿಲ್ಲದೆ ಕೇಳಿ. ಇದಕ್ಕೆಲ್ಲ ಐದು ನಿಮಿಷ ಸಾಕು. ಹೆಣ್ಣುಮಗಳ ಮುಖವನ್ನೂ ಒಂದು ಸಲ ನೋಡಿ. ಅವಳು ಬ್ಯಾಗು ಕೆಳಗಿಡದೆ ನಿಂತಿದ್ದರೆ ಆ ರೂಮು ಬೇಡ.

ದೊಡ್ಡವರೆಲ್ಲರ ಗುರುತಿನ ಚೀಟಿ ಜೊತೆಗಿರಲಿ, ಕೇಳಿಯೇ ಕೇಳುತ್ತಾರೆ. ತೋರಿಸಿ, ಪ್ರತಿ ಕೊಡಿ. ಅಸಲನ್ನು ಕೌಂಟರಿನಲ್ಲಿ ಬಿಟ್ಟು ಬರಬೇಡಿ. ರಾತ್ರಿ ಬಾಗಿಲು ತಟ್ಟಿದರೆ ತೆಗೆಯದೆ ಕೌಂಟರಿಗೆ ಫೋನ್ ಮಾಡಿ ವಿಚಾರಿಸಿ. ಯಾವುದೇ ಆಪತ್ತಿಗೆ 112, ರಾಷ್ಟ್ರೀಯ ಹೆದ್ದಾರಿಯಲ್ಲಿ ತೊಂದರೆಯಾದರೆ 1033. ಈ ಎರಡು ನಂಬರು ಮಕ್ಕಳಿಗೂ ಬಾಯಿಪಾಠ ಇರಲಿ.

ನನ್ನದೊಂದು ‘ಲಾಡ್ಜ್ ಚೀಲ’ ಅಂತಲೇ ಇದೆ. ಎರಡು ತೊಳೆದ ಬೆಡ್‌ಶೀಟು, ದಿಂಬಿನ ಗವಸಿಗೆ ಬದಲು ಹಳೇ ಟವೆಲುಗಳು, ಒಂದು ಗಟ್ಟಿ ಬೀಗ, ಟಾರ್ಚು, ಬಟ್ಟೆ ಒಣಹಾಕಲು ಹಗ್ಗ, ಸೋಪು, ಒಂದು ಮಗ್ಗು, ಸೊಳ್ಳೆಬತ್ತಿ. ಊರಿಂದ ಬಂದ ಮೇಲೆ ತೊಳೆದು ಮತ್ತೆ ಅದರಲ್ಲೇ ತುಂಬಿಡುತ್ತೇನೆ. ಹೊರಡುವ ಗಡಿಬಿಡಿಯಲ್ಲಿ ಹುಡುಕುವ ಕೆಲಸವಿಲ್ಲ.

ರಾತ್ರಿಗೊಂದು ಬುತ್ತಿಯನ್ನೂ ಮರೆಯಬೇಡಿ. “ಊಟಕ್ಕೆ ಒಳ್ಳೇ ಹೋಟೆಲ್ ಸಿಗಲಿ” ಅಂತ ಮುಂದೆ ಮುಂದೆ ಹೋಗುವುದೇ ಅರ್ಧ ತಡಕ್ಕೆ ಕಾರಣ. ಚಪಾತಿ, ಶೇಂಗಾ ಚಟ್ನಿಪುಡಿ, ನೀರು ಸೋಕಿಸದೆ ಕಲಸಿದ ಪುಳಿಯೋಗರೆ ರಾತ್ರಿಯವರೆಗೆ ಕೆಡುವುದಿಲ್ಲ. ಮೊಸರು ಮಾತ್ರ ಆ ಊರಿನಲ್ಲೇ ಕೊಂಡರಾಯಿತು. ಸಕ್ಕರೆ ಕಾಯಿಲೆಯವರಿಗೆ ಹೊತ್ತಿಗೆ ಸರಿಯಾಗಿ ತಿನ್ನಿಸಬೇಕು. ಎರಡು ತಾಸಿಗೊಮ್ಮೆ ನಾವೇ “ನಿಲ್ಸಿ” ಅನ್ನಬೇಕು. ಅವರು ಕೇಳಲಿ ಅಂತ ಕಾಯಬಾರದು. ಅವರು ಕೇಳುವುದಿಲ್ಲ.

ಇಷ್ಟಾಗಿಯೂ ಎಂದಾದರೂ ರಾತ್ರಿಯಾಗಿಬಿಟ್ಟರೆ, ಕಣ್ಣು ಎಳೆಯುತ್ತಿದ್ದರೆ, ಬೆಳಕಿರುವ, ಜನರಿರುವ ಪೆಟ್ರೋಲ್ ಬಂಕಿನಲ್ಲಿ ಕೇಳಿಕೊಂಡು ನಿಲ್ಲಿಸಿ. ಕಾಫಿ ಕುಡಿದರೆ, ಮುಖ ತೊಳೆದರೆ ನಿದ್ದೆ ಸ್ವಲ್ಪ ಹೊತ್ತು ದೂರ ನಿಲ್ಲುತ್ತದೆ, ಹೋಗುವುದಿಲ್ಲ. ನಿದ್ದೆಗೆ ಮದ್ದು ನಿದ್ದೆಯೇ.

ಒಳ್ಳೆಯ ರೂಮಿಗೆ ಐನೂರು ರೂಪಾಯಿ ಹೆಚ್ಚಾದೀತು. “ಒಂದು ರಾತ್ರಿಗೆ ಇಷ್ಟೊಂದಾ?” ಅಂತ ನಮಗೇ ಅನ್ನಿಸುತ್ತದೆ, ಗಂಡಸರಿಗಿಂತ ಹೆಚ್ಚು. ನನಗೂ ಈಗಲೂ ಅನ್ನಿಸುತ್ತದೆ. ಆಗ ಆ ಕಬ್ಬಿನ ತುದಿಗಳನ್ನು ನೆನೆಸಿಕೊಳ್ಳುತ್ತೇನೆ. ಇವರ ಜೇಬಿನಲ್ಲಿದ್ದ ಲೆಕ್ಕದ ಕಾಗದ ಈಗ ಕಾರಿನ ಡ್ಯಾಶ್‌ಬೋರ್ಡಿನಲ್ಲಿದೆ. ಸಂಜೆ ಐದಾಯಿತೆಂದರೆ ಅವರೇ ಕೇಳುತ್ತಾರೆ: “ಏನೇ, ಬಂಡಿ ಬಿಚ್ಚೋಣವಾ?”

ನಿಮ್ಮ ಊರಿನಲ್ಲಿ, ನೀವು ಹೋಗುವ ದಾರಿಯಲ್ಲಿ ಮರ್ಯಾದೆಯಾಗಿ ತಂಗುವ ಜಾಗ ಯಾವುದಿದೆ? ರೂಮು ನೋಡುವಾಗ ನಾನು ಬಿಟ್ಟಿರುವುದೇನಾದರೂ ಇದೆಯಾ? ಒಂದು ಕಾಗದ ಬರೆದು ಹಾಕಿ. ನನ್ನ ಚೀಲದಲ್ಲಿ ಇನ್ನೂ ಸ್ವಲ್ಪ ಜಾಗವಿದೆ.